ಎಸ್.ಪಿ. ರಸ್ತೆಗೆ ಹೋಗುವ ಮುನ್ನ

ಬೆಂಗಳೂರಿನ ಪುರಭವನದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿದೆ ಎಸ್.ಪಿ. ರಸ್ತೆ. ಕೆಲವು ಅಂಗಡಿಗಳಲ್ಲಿ ಒಬ್ಬರು ಕೂರುವಷ್ಟೇ ಜಾಗ. ಗಾಜಿನ ಪೆಟ್ಟಿಗೆಯಲ್ಲಿ ಮೆಮೊರಿ ಪಟ್ಟಿಗಳು, ಮೇಲಿನಿಂದ ಜೋತಾಡುವ ಕೇಬಲ್ಲುಗಳು. ಮನೆಯ ಕಂಪ್ಯೂಟರ್ ಆಮೆಯಾಯಿತೆಂದು ಕಾಲೇಜು ಹುಡುಗರು ಅಪ್ಪಂದಿರನ್ನು ಕರೆತರುವುದು ಇಲ್ಲಿಗೇ.

ಪರದೆಯ ಬೆನ್ನಿಗೇ ಎಲ್ಲವನ್ನೂ ತುಂಬಿಟ್ಟ ಆಲ್-ಇನ್-ಒನ್ ಯಂತ್ರವಾದರೆ ಅಂಗಡಿಯವರ ಮೊದಲ ಪ್ರಶ್ನೆ, ‘ಮಾಡೆಲ್ ಯಾವುದು ಸಾರ್?’ ತಡವರಿಸಿದವರಿಗೆ ಮತ್ತೆ ಬಸ್ಸು ಹತ್ತುವ ಯೋಗ.

ಪ್ರಶ್ನೆಗೆ ಕಾರಣವಿದೆ. ಆಪಲ್‌ನ ಐಮ್ಯಾಕ್ ಅನ್ನೇ ನೋಡಿ. 2012ರಿಂದ 2020ರವರೆಗಿನ 27 ಇಂಚಿನ ಐಮ್ಯಾಕ್‌ಗೆ ಬೆನ್ನಲ್ಲೊಂದು ಪುಟ್ಟ ಬಾಗಿಲು. ವಿದ್ಯುತ್ ತಂತಿ ಕಿತ್ತು, ಅಲ್ಲಿನ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತದೆ. ಹೈಸ್ಕೂಲು ಹುಡುಗಿಯೂ ಮೆಮೊರಿ ಬದಲಿಸಬಹುದು. ಅದೇ ಕಾಲದ 21.5 ಇಂಚಿನದಕ್ಕೆ ಆ ಬಾಗಿಲಿಲ್ಲ. ಮೆಮೊರಿ ಬದಲಿಸಬಹುದಾದ ಮಾದರಿಗಳಲ್ಲೂ ಅಂಟಿಸಿದ ಪರದೆಯನ್ನೇ ಬಿಡಿಸಬೇಕು; ಅದು ಕೈ ಪಳಗಿದವರ ಕೆಲಸ. 2021ರ 24 ಇಂಚಿನದರಲ್ಲಿ ಮೆಮೊರಿ ಪ್ರೊಸೆಸರಿನ ಜೊತೆಗೇ ಸೇರಿಹೋಗಿದೆ. ಕೊಂಡ ದಿನ ಇದ್ದಷ್ಟೇ ಕಡೆತನಕ!

ಬೇರೆ ಕಂಪನಿಗಳ ಹಲವು ಆಲ್-ಇನ್-ಒನ್‌ಗಳಲ್ಲಿ ಇರುವುದು ಲ್ಯಾಪ್‌ಟಾಪಿನ ಗಿಡ್ಡ ಮೆಮೊರಿ ಪಟ್ಟಿ. ಡಿಡಿಆರ್3, ಡಿಡಿಆರ್4 ಪಟ್ಟಿಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರದು. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆದು ಎಸ್‌ಎಸ್‌ಡಿ ಹಾಕುವುದು ಮೇಲು. ಕೊಟ್ಟ ಹಣಕ್ಕೆ ವೇಗ ಕಾಣುವುದು ಅಲ್ಲೇ. ಮಕ್ಕಳ ಪ್ರಾಜೆಕ್ಟ್, ಮನೆಯ ಫೋಟೊಗಳನ್ನು ಅದಕ್ಕೂ ಮುಂಚೆ ಬೇರೆಡೆ ನಕಲು ಮಾಡಿಟ್ಟಿರಬೇಕು.

ಬಿಲ್ಲು ಕೇಳಿ ಪಡೆಯಿರಿ, ವಾರಂಟಿಗೆ ಬೇಕಾಗುತ್ತದೆ. ಉಳಿದ ಚಿಲ್ಲರೆಗೆ ಹಳೆಯ ಪುಸ್ತಕಗಳ ಅವೆನ್ಯೂ ರಸ್ತೆ ಪಕ್ಕದಲ್ಲೇ ಇದೆ.