ಬಟವಾಡೆ ತಪ್ಪಿದ್ದು ಯಾರಿಂದ?

ಹಾಲಿನ ಡೇರಿಯ ಕಾರ್ಯದರ್ಶಿಯೊಬ್ಬರ ಬಗ್ಗೆ ನಾವು ಒಮ್ಮೆ ಸುದ್ದಿ ಬರೆದಿದ್ದೆವು. ನಾವೆಂದರೆ ಇಬ್ಬರು ಸ್ಟ್ರಿಂಗರ್‌ಗಳು. ಪತ್ರಿಕೆ ಎರಡು, ಬೈಕು ಒಂದೇ. ಹದಿನೈದು ದಿನದ ಬಟವಾಡೆಯಲ್ಲಿ ಹಲವರಿಗೆ ದುಡ್ಡು ಕಡಿಮೆ ಬಂದಿತ್ತು. ಲೀಟರ್ ಅದೇ, ಫ್ಯಾಟ್ ಅದೇ, ದರ ಮಾತ್ರ ಬೇರೆ. ‘ಕಂಪ್ಯೂಟರ್‌ನಲ್ಲಿ ಹಾಗೆ ಬಂತು ಸಾರ್, ನಾನೇನೂ ಮಾಡಿಲ್ಲ’ ಎಂದರು ಕಾರ್ಯದರ್ಶಿ. ಎಲ್ಲರೂ ಹೇಳುವ ಮಾತೇ ಎಂದುಕೊಂಡೆವು. ಮರುದಿನ ಒಂದು ಪತ್ರಿಕೆಯ ಶೀರ್ಷಿಕೆಯಲ್ಲಿ ‘ಗೋಲ್‌ಮಾಲ್’ ಎಂಬ ಪದವಿತ್ತು.

ತಿಂಗಳುಗಳ ನಂತರ ಗೊತ್ತಾಯಿತು, ಅವರು ಹೇಳಿದ್ದು ನಿಜ. ಸಾಫ್ಟ್‌ವೇರ್ ಮಾಡಿಕೊಟ್ಟ ಸಣ್ಣ ತಂಡದವರು ಒಂದು ಅಪ್‌ಡೇಟ್ ಕಳಿಸಿದಾಗ ಹಳೇ ದರಪಟ್ಟಿ ಮತ್ತೆ ಬಂದು ಕೂತಿತ್ತು. ಆದರೆ ಬದಲಾವಣೆ ಮಾಡಿದ್ದು ಯಾರು, ಪರೀಕ್ಷಿಸಿದ್ದು ಯಾರು, ಒಪ್ಪಿದ್ದು ಯಾರು? ವರ್ಷದ ಕೊನೆಗೆ ಬಂದ ಆಡಿಟರ್ ಕೇಳಿದಾಗ ತೋರಿಸಲು ಏನೂ ಇರಲಿಲ್ಲ. ‘ನಮ್ಮದು ಅಜೈಲ್ ಪದ್ಧತಿ. ಎರಡು ವಾರಕ್ಕೊಮ್ಮೆ ಬದಲಾಗುತ್ತಿರುತ್ತದೆ, ಕಾಗದಪತ್ರ ಇಡುವುದಿಲ್ಲ’ ಎಂದರಂತೆ ಹುಡುಗರು.

ಈ ಅಜೈಲ್ ಎಂದರೇನು ಎಂದು ನಾವು ಓದತೊಡಗಿದ್ದು ಆಗ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಬರೆದ ಪ್ರಣಾಳಿಕೆ ಅದರ ಮೂಲ. ಉದ್ದುದ್ದ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್ ಮುಖ್ಯ ಎನ್ನುತ್ತದೆ ಅದು. ದಾಖಲೆಗೂ ಬೆಲೆಯಿದೆ ಎಂದು ಅಲ್ಲೇ ಕೆಳಗೆ ಬರೆದಿದೆ. ಆ ಸಾಲಿನವರೆಗೆ ಓದುವವರು ಕಡಿಮೆ.

ಆಡಿಟರ್‌ಗಳದ್ದೂ ಒಂದು ತಪ್ಪಿದೆ. ಮೊದಲೇ ಬರೆದ ಯೋಜನೆ, ಅದರ ಮೇಲೆ ಸಹಿ, ಕೊನೆಗೊಂದು ವರದಿ. ಇಷ್ಟು ಸಿಗದಿದ್ದರೆ ಲೋಪ ಎಂದು ಬರೆದುಬಿಡುತ್ತಾರೆ. ಆದರೆ ಕೆಲಸದ ಜೊತೆಜೊತೆಗೇ ಪರಿಶೋಧನೆ ನಡೆದ ಉದಾಹರಣೆಗಳಿವೆ. ಅಮೆರಿಕದ ಎಫ್‌ಬಿಐ ತನ್ನ ಕಡತಗಳಿಗಾಗಿ 2006ರಲ್ಲಿ ಶುರುಮಾಡಿದ ‘ಸೆಂಟಿನಲ್’ ವ್ಯವಸ್ಥೆ ಕುಂಟುತ್ತಿತ್ತು. 2010ರಲ್ಲಿ ಎಫ್‌ಬಿಐ ಅದನ್ನು ತಾನೇ ವಹಿಸಿಕೊಂಡು ಅಜೈಲ್ ಪದ್ಧತಿಗೆ ತಂದಿತು. 2012ರ ಜುಲೈನಲ್ಲಿ ಅದು ಬಳಕೆಗೆ ಬಂತು. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಕೊನೆಯವರೆಗೆ ಕಾಯದೆ, ನಡುನಡುವೆ ವರದಿ ಕೊಡುತ್ತಲೇ ಇತ್ತು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಓ 2020ರಲ್ಲಿ ಅಜೈಲ್ ಯೋಜನೆಗಳನ್ನು ಪರಿಶೀಲಿಸಲೆಂದೇ ಕೈಪಿಡಿ ಹೊರತಂದಿತು.

ನರೇಗಾ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಗಳಲ್ಲಿ ಕೂತ ನಮಗೆ ಇದು ಹೊಸದಲ್ಲ. ನಿಯಮದಲ್ಲಿದ್ದದ್ದು ಆರು ತಿಂಗಳಿಗೊಮ್ಮೆ. ಎನ್‌ಎಂಆರ್ ಅನ್ನು ಕೆಲಸದ ಜಾಗದಲ್ಲಿ, ಆಯಾ ದಿನವೇ ತುಂಬಿದ್ದರೆ ಅದಕ್ಕೆ ಬೆಲೆ. ತಿಂಗಳ ಮೇಲೆ ಪಂಚಾಯಿತಿ ಕಚೇರಿಯಲ್ಲಿ ಒಂದೇ ಪೆನ್ನಿನಲ್ಲಿ ತುಂಬಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಸಾಫ್ಟ್‌ವೇರಿಗೂ ಬೇಕಿರುವುದು ಅಂಥದೇ ದಾಖಲೆ. ಪ್ರತಿ ಬದಲಾವಣೆಗೂ ಅದು ಯಾವ ಬೇಡಿಕೆಗಾಗಿ ಎಂಬ ಸಂಖ್ಯೆ ಇರಲಿ. ಬರೆದವರು ಒಬ್ಬರು, ನೋಡಿ ಒಪ್ಪಿದವರು ಇನ್ನೊಬ್ಬರು ಇರಲಿ. ಪರೀಕ್ಷೆಯ ಫಲಿತಾಂಶ ತಾನಾಗಿಯೇ ಉಳಿಯಲಿ. ಇದಕ್ಕೆ ಬೇರೆ ಕಾಗದ ಬೇಡ. ಕೋಡ್ ಇಡುವ ಜಾಗದಲ್ಲೇ ಇಷ್ಟೂ ಉಳಿಯುವಂತೆ ಮಾಡಿಕೊಳ್ಳಬಹುದು. ಆಡಿಟರ್ ಬಂದು ಯಾವುದೋ ನಾಲ್ಕು ಬದಲಾವಣೆ ಆರಿಸಿ, ಬೇಡಿಕೆಯಿಂದ ಬಿಡುಗಡೆಯವರೆಗೆ ಜಾಡು ಹಿಡಿದು ನೋಡಲಿ. ಕಂಡ ಲೋಪ ತಂಡದ ಮುಂದಿನ ಕೆಲಸದ ಪಟ್ಟಿಗೆ ಸೇರಲಿ. ಆದರೆ ಹೇಗೆ ಸರಿಪಡಿಸಬೇಕೆಂದು ಆಡಿಟರೇ ತೀರ್ಮಾನಿಸಬಾರದು. ತೀರ್ಮಾನಿಸಿದರೆ ಮುಂದಿನ ಬಾರಿ ತನ್ನ ಕೆಲಸವನ್ನೇ ತಾನು ಪರಿಶೋಧಿಸಬೇಕಾಗುತ್ತದೆ.

ಆಡಿಟ್ ಎಂದರೆ ಕಳ್ಳನನ್ನು ಹಿಡಿಯುವುದಕ್ಕೆ ಎಂದುಕೊಂಡಿದ್ದೆವು. ಆ ದಾಖಲೆ ಇದ್ದಿದ್ದರೆ ಮೊದಲು ಉಳಿಯುತ್ತಿದ್ದುದು ಆ ಕಾರ್ಯದರ್ಶಿಯ ಮರ್ಯಾದೆ.

ಹಾಲು ಹಾಕಿದವರಿಗೆ ಬಾಕಿ ದುಡ್ಡು ಬಂತು. ನಮ್ಮ ತಿದ್ದುಪಡಿ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಕಾರ್ಯದರ್ಶಿ ಈಗಲೂ ಟೀ ತರಿಸುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ನಾವು ಕಳಿಸಿದ ಕಾಪಿಯಲ್ಲಿ ‘ಗೋಲ್‌ಮಾಲ್’ ಎಂಬ ಪದ ಇರಲಿಲ್ಲ. ಡೆಸ್ಕ್‌ನಲ್ಲಿ ಅದನ್ನು ಸೇರಿಸಿದ್ದು ಯಾರು ಎಂದು ಕೇಳಿದೆವು. ಅದಕ್ಕೂ ದಾಖಲೆ ಇರಲಿಲ್ಲ.