ತಂತಿಯ ಉದ್ದ ಮತ್ತು ಮಗುವಿನ ಕೈ

ವಾದ್ಯವನ್ನು ಕೊಳ್ಳಹೊರಟವರು ಮೊದಲು ಮರದ ಹೊಳಪನ್ನು ನೋಡುತ್ತಾರೆ, ಬಳಿಕ ಬೆಲೆಯನ್ನು ಕೇಳುತ್ತಾರೆ, ಕೊನೆಗೆ ತಂತಿಯನ್ನೊಮ್ಮೆ ಮೀಟಿ ನಾದವನ್ನು ಆಲಿಸುತ್ತಾರೆ. ಈ ಮೂರೂ ಅಗತ್ಯವೇ ಸರಿ. ಆದರೆ ಗಿಟಾರಿನ ವಿಷಯದಲ್ಲಿ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇದರಲ್ಲಿ ಮಿಡಿಯುವ ತಂತಿಯ ಉದ್ದವೆಷ್ಟು? ಗಿಟಾರ್ ಕಲಿಯಬೇಕೆಂಬ ಆಸೆಯುಳ್ಳ ಮಕ್ಕಳು ನಮ್ಮಲ್ಲಿದ್ದಾರೆ. ಶಾಲೆಗಳಿಗೆ ವಾದ್ಯಗಳನ್ನು ಕಾಣಿಕೆಯಾಗಿ ನೀಡುವ ಉದಾರಿಗಳೂ ಇದ್ದಾರೆ. ಆದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಗಿಟಾರಿನ ತಲೆಯ ಬಳಿ ತಂತಿಗಳು ಹಾದುಬರುವ ಸಣ್ಣ ಪಟ್ಟಿಯೊಂದಿದೆ. ಕೆಳಗೆ, ಒಡಲಿನ ಮೇಲೆ, ಅವು ಆತುಕೊಳ್ಳುವ ಕುದುರೆಯಿದೆ. ಇವೆರಡರ ನಡುವೆ ಕಂಪಿಸುವ ತಂತಿಯ ಉದ್ದಕ್ಕೆ ವಾದ್ಯ ತಯಾರಕರು ಸ್ಕೇಲ್ ಲೆಂಗ್ತ್ ಎನ್ನುತ್ತಾರೆ. ವೀಣೆಯನ್ನು ಬಲ್ಲವರಿಗೆ ಇದರ ತತ್ತ್ವ ಹೊಸತಲ್ಲ. ವೀಣೆಯ 12ನೆಯ ಮೆಟ್ಟಿಲಿನಲ್ಲಿ ತಂತಿಯು ಅರ್ಧವಾಗಿ ಮೇಲಿನ ಸ್ಥಾಯಿಯ ಸ್ವರ ಹೊರಡುವಂತೆಯೇ ಗಿಟಾರಿನಲ್ಲಿಯೂ 12ನೆಯ ಮೆಟ್ಟಿಲು ತಂತಿಯ ನಡುವೆ ನಿಲ್ಲುತ್ತದೆ. ಆದುದರಿಂದ ಅಳೆಯುವ ಕ್ರಮ ಸುಲಭ. ತಲೆಯ ಪಟ್ಟಿಯಿಂದ 12ನೆಯ ಮೆಟ್ಟಿಲಿನವರೆಗೆ ಅಳೆದು, ಬಂದುದನ್ನು ಎರಡರಿಂದ ಗುಣಿಸಬೇಕು. ನೇರವಾಗಿ ಕುದುರೆಯವರೆಗೆ ಅಳೆದರೆ ಲೆಕ್ಕ ಕೊಂಚ ತಪ್ಪುತ್ತದೆ; ಏಕೆಂದರೆ ತಂತಿಯನ್ನು ಒತ್ತಿದಾಗ ಅದು ಬಿಗಿದು ಶ್ರುತಿ ತುಸು ಏರುವುದನ್ನು ಸರಿದೂಗಿಸಲು ಕುದುರೆಯನ್ನು ಸ್ವಲ್ಪ ಹಿಂದಕ್ಕೆ ಇರಿಸಿರುತ್ತಾರೆ.

ತಂತಿಯ ಉದ್ದ, ತೂಕ, ಬಿಗಿತಗಳಿಗೂ ಅದರ ಶ್ರುತಿಗೂ ಇರುವ ಸಂಬಂಧವನ್ನು ಫ್ರಾನ್ಸ್ ದೇಶದ ಕ್ರೈಸ್ತ ಸಂನ್ಯಾಸಿ ಮರಿನ್ ಮೆರ್ಸೆನ್ 1636ರಲ್ಲಿ ಗ್ರಂಥಸ್ಥಗೊಳಿಸಿದರು. ಒಂದೇ ಬಗೆಯ ತಂತಿಯನ್ನು ಒಂದೇ ಶ್ರುತಿಗೆ ಸೇರಿಸುವಾಗ ಬೇಕಾಗುವ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅದರಿಂದ ತಿಳಿದುಬರುವ ಸಂಗತಿ. 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್ ಗಿಟಾರಿನ ತಂತಿಯುದ್ದವನ್ನು 24¾ ಅಂಗುಲವೆಂದು ಹೇಳುತ್ತಾರೆ. 1954ರ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರಿನದು 25½ ಅಂಗುಲ. ಅಂತರ ಮುಕ್ಕಾಲು ಅಂಗುಲ ಮಾತ್ರ. ಆದರೂ ಎರಡನೆಯದರಲ್ಲಿ ಬಿಗಿತವು ಶೇಕಡಾ 6ರಷ್ಟು ಅಧಿಕ. ನುರಿತ ವಾದಕರ ಬೆರಳಿಗೆ ಇದು ಕೂಡಲೇ ತಿಳಿಯುತ್ತದೆ.

ವಯಸ್ಕರಿಗೇ ಇಷ್ಟು ವ್ಯತ್ಯಾಸ ತಿಳಿಯುವುದಾದರೆ ಮಕ್ಕಳ ಪಾಡೇನು? ಸ್ಪೇನಿನ ಅಲ್ಮೇರಿಯಾದ ಆಂಟೋನಿಯೊ ದೆ ಟೋರೆಸ್ (1817–1892) ತಮ್ಮ ಗಿಟಾರುಗಳಿಗೆ ಅಳವಡಿಸಿದ 650 ಮಿಲಿಮೀಟರ್ ಉದ್ದವೇ ಮುಂದೆ ಶಾಸ್ತ್ರೀಯ ಗಿಟಾರಿನ ರೂಢಿಯ ಅಳತೆಯಾಯಿತು. ಇಂದು ಅದರಲ್ಲಿ ನೈಲಾನ್ ತಂತಿಗಳಿರುತ್ತವೆ. ಬೆಳೆದ ಕೈಗೆ ಈ ಉದ್ದ ಒಗ್ಗುವಂತಹುದು. ಈ ವಾದ್ಯದಲ್ಲಿ 1ನೆಯ ಮೆಟ್ಟಿಲಿನಿಂದ 4ನೆಯದಕ್ಕೆ ಸುಮಾರು 98 ಮಿಲಿಮೀಟರ್ ಅಂತರವಿರುತ್ತದೆ. 580 ಮಿಲಿಮೀಟರಿನ ಚಿಕ್ಕ ವಾದ್ಯದಲ್ಲಿ ಅದು 87ಕ್ಕೆ ಇಳಿಯುತ್ತದೆ. ಅದೇ ತಂತಿಯ ಬಿಗಿತವೂ ಶೇಕಡಾ 20ರಷ್ಟು ಕಡಿಮೆಯಾಗುತ್ತದೆ. ಎಳೆಯ ಕಿರುಬೆರಳಿಗೆ ಒಂದು ಸೆಂಟಿಮೀಟರ್ ಎಂದರೆ ಅಲ್ಪ ದೂರವಲ್ಲ.

ನನ್ನ ತಂಗಿಯ ಮಗಳು ಹತ್ತು ವರ್ಷದವಳಿದ್ದಾಗ ಆಕೆಗೆ ಪೂರ್ಣ ಅಳತೆಯ ವಾದ್ಯವನ್ನೇ ಕೊಡಿಸಲಾಗಿತ್ತು. ಆರು ತಿಂಗಳ ಪಾಠದ ಮೇಲೂ ಒಂದು ಸ್ವರವೂ ಸ್ಪಷ್ಟವಾಗಿ ಹೊರಡಲಿಲ್ಲ. ಮಣಿಕಟ್ಟಿನ ನೋವು ಮಾತ್ರ ಉಳಿಯಿತು. ಈ ಮಗುವಿಗೆ ಸಂಗೀತ ಒಲಿಯದೆಂದು ಪಾಠ ಹೇಳುತ್ತಿದ್ದವರು ತೀರ್ಮಾನವಿತ್ತರು. ಮಗುವೂ ಅದನ್ನು ನಂಬಿತು. ನಾನು ಅಳತೆಪಟ್ಟಿ ಹಿಡಿದು ನೋಡಿ, ಪರಿಚಿತರೊಬ್ಬರಿಂದ 580 ಮಿಲಿಮೀಟರಿನ ಗಿಟಾರನ್ನು ಎರವಲು ತಂದುಕೊಟ್ಟೆ. ಒಂದೆರಡು ವಾರಗಳಲ್ಲಿಯೇ ಅವಳ ಬೆರಳುಗಳು ತಮ್ಮ ತಮ್ಮ ಮನೆಗಳಲ್ಲಿ ನಿಂತವು. ಅವಳೇನೂ ಹೆಸರಾಂತ ಕಲಾವಿದೆಯಾಗಲಿಲ್ಲ. ಆದರೆ ಹದಿನೈದನೆಯ ವಯಸ್ಸಿಗೆ ದೊಡ್ಡ ವಾದ್ಯಕ್ಕೆ ತಾನಾಗಿಯೇ ಹೊರಳಿದಳು, ಇಂದಿಗೂ ಸಂಜೆಯ ಹೊತ್ತು ನುಡಿಸುತ್ತಾಳೆ. ತನ್ನಲ್ಲಿ ಸಂಗೀತವಿಲ್ಲವೆಂಬ ಮಾತನ್ನು ಹೊತ್ತುಕೊಂಡೇ ಬೆಳೆಯುವುದು ಅವಳಿಗೆ ತಪ್ಪಿತು.

ಹಾಗೆಂದು ಚಿಕ್ಕದೇ ಎಲ್ಲರಿಗೂ ಮೇಲೆಂದು ತಿಳಿಯಲಾಗದು. ಉದ್ದ ಕಡಿಮೆಯಾದಂತೆ ತಂತಿ ಸಡಿಲವಾಗುತ್ತದೆ. ಮಂದ್ರದ ದಪ್ಪ ತಂತಿಗಳು ಮೆಟ್ಟಿಲಿಗೆ ತಾಗಿ ಗುರ್ರೆನ್ನಬಹುದು. ಇದನ್ನು ನಿವಾರಿಸಲು ಚಿಕ್ಕ ವಾದ್ಯಗಳಿಗೆಂದೇ ಸಿದ್ಧಪಡಿಸಿದ ತಂತಿಗಳು ದೊರೆಯುತ್ತವೆ. ದಪ್ಪ ಬೆರಳಿನವರಿಗೆ ಚಿಕ್ಕ ವಾದ್ಯದ ಮೆಟ್ಟಿಲುಗಳು ಇಕ್ಕಟ್ಟೆನಿಸುತ್ತವೆ. ಅಂಗಡಿಯ ಚೀಟಿಯಲ್ಲಿರುವ ಹೆಸರನ್ನೂ ನೆಚ್ಚುವಂತಿಲ್ಲ. ಮುಕ್ಕಾಲು ಗಾತ್ರವೆಂದು ಮಾರುವ ಗಿಟಾರಿನ ತಂತಿಯು 650ರ ಮುಕ್ಕಾಲು ಪಾಲು, ಅಂದರೆ 487 ಮಿಲಿಮೀಟರ್ ಇರುವುದಿಲ್ಲ. ಸಾಮಾನ್ಯವಾಗಿ 580ರ ಆಸುಪಾಸಿನಲ್ಲಿರುತ್ತದೆ, ಅದೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದುದರಿಂದ ಅಳತೆಪಟ್ಟಿಯನ್ನು ಜೊತೆಗೊಯ್ಯುವುದು ಲೇಸು. ಮಗುವನ್ನೂ ಕರೆದೊಯ್ದು ಕುಳ್ಳಿರಿಸಿ, ಮೊದಲ ನಾಲ್ಕು ಮೆಟ್ಟಿಲುಗಳ ಮೇಲೆ ನಾಲ್ಕು ಬೆರಳುಗಳನ್ನು ಇಡಿಸಬೇಕು. ಮಣಿಕಟ್ಟು ತಿರುಚದೆ, ಹೆಬ್ಬೆರಳು ದಂಡಿಯ ಹಿಂದೆ ನಿರಾಯಾಸವಾಗಿ ನಿಂತರೆ ಉದ್ದ ಸರಿಯಾಗಿದೆಯೆಂದರ್ಥ. ದಂಡಿಯ ಅಗಲವನ್ನೂ ಮೆಟ್ಟಿಲಿನಿಂದ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಅದೇ ಹೊತ್ತಿಗೆ ಪರೀಕ್ಷಿಸಬಹುದು.

ವಾದ್ಯದಾನ ಮಾಡುವ ಮಹನೀಯರಲ್ಲಿ ನನ್ನದೊಂದು ವಿನಮ್ರ ಅರಿಕೆ. ಒಂದೇ ಅಳತೆಯ ಹತ್ತು ಗಿಟಾರುಗಳು ಸಾಲಾಗಿ ನಿಂತರೆ ನೋಟಕ್ಕೆ ಚೆಂದ. ಆದರೆ ಆ ಸಾಲಿನ ಮುಂದೆ ನಿಲ್ಲುವ ಮಕ್ಕಳ ಕೈಗಳು ಒಂದೇ ಅಳತೆಯವಲ್ಲ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಒಂದನೆಯ ತರಗತಿಯ ಕೂಸಿಗೂ ಹತ್ತನೆಯ ತರಗತಿಯ ಹುಡುಗನಿಗೂ ಒಂದೇ ಪ್ರಮಾಣದ ಅನ್ನವನ್ನು ಬಡಿಸಿದ್ದನ್ನು ನಾವಾರೂ ಕಂಡಿಲ್ಲ; ಎಲೆಯ ಮುಂದೆ ಕುಳಿತವರ ಹಸಿವನ್ನು ನೋಡಿ ಬಡಿಸುವುದೇ ಅಲ್ಲಿಯ ಪದ್ಧತಿ. ವಾದ್ಯಗಳ ವಿಷಯದಲ್ಲಿಯೂ ಅದೇ ಪದ್ಧತಿ ನಡೆಯಲಿ. ಹತ್ತು ಕೊಡುವವರು ನಾಲ್ಕನ್ನು ದೊಡ್ಡದಾಗಿಯೂ ಆರನ್ನು ಚಿಕ್ಕದಾಗಿಯೂ ಕೊಡಲಿ. ಕೊಡುವ ಮೊದಲು ಅಧ್ಯಾಪಕರನ್ನು ಕರೆದು ಮಕ್ಕಳ ವಯಸ್ಸನ್ನು ಕೇಳಲಿ. ವೆಚ್ಚ ಇದರಿಂದ ಹೆಚ್ಚುವುದಿಲ್ಲ, ಕಾಣಿಕೆ ಬೀರುವಿನಲ್ಲಿ ಧೂಳು ಹಿಡಿಯುವುದೂ ಇಲ್ಲ.