ಈ ನಾಯಿ ಏನು ಕೆಲಸ ಮಾಡುತ್ತೆ?

ಬಸವೇಶ್ವರನಗರ, ಬೆಂಗಳೂರು
ಡಿಸೆಂಬರ್ 2025

ಪ್ರೀತಿಯ ಅಕ್ಕ ಮತ್ತು ಭಾವನಿಗೆ,

ನಿಮ್ಮ ಅಪ್ಪೆಮಿಡಿ ಭರಣಿ ಒಡೆಯದೆ ಬಂದಿದೆ, ನಾನೂ ಒಡೆಯದೆ ಬಂದಿದ್ದೇನೆ. ಹಾವನೂರು ಸರ್ಕಲ್ ದಾಟಿ ತಮ್ಮನ ಮನೆಗೆ ಬರುವ ರಸ್ತೆಯನ್ನು ಮತ್ತೆ ಅಗೆದಿದ್ದಾರೆ. ಅದನ್ನು ಸುದ್ದಿ ಅಂತ ಬರೆದರೆ ನೀವೇ ನಗುತ್ತೀರಿ. ನಿಜವಾದ ಸುದ್ದಿ ಬೆಣ್ಣೆಯದು.

ತಮ್ಮನ ಮಗಳು ನ್ಯೂಜೆರ್ಸಿಯ ಮನೆ ಖಾಲಿ ಮಾಡಿ ಬಂದಳಲ್ಲ, ಅವಳ ಜೊತೆ ಬಂದ ಹಳದಿ ಲ್ಯಾಬ್ರಡಾರ್ ನಾಯಿಯೇ ಬೆಣ್ಣೆ. ಒಂದು ನಾಯಿ ಕಡಲು ದಾಟಲು ಎಷ್ಟು ಕಾಗದ ಬೇಕು ಅಂತೀರಿ! ಚರ್ಮದಡಿ ಮೈಕ್ರೋಚಿಪ್, ರೇಬೀಸ್ ಚುಚ್ಚುಮದ್ದಿನ ದಾಖಲೆ, ಅಲ್ಲಿನ ಪಶುವೈದ್ಯರ ಸರ್ಟಿಫಿಕೇಟು, ಇಲ್ಲಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಎನ್‌ಒಸಿ. ಇವೆಲ್ಲದರ ಮೇಲೆ ಇನ್ನೊಂದು ಪತ್ರ ಇದೆ. ಅದನ್ನು ಅವಳು ಫೋನಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಕೋವಿಡ್ ಕಾಲದಲ್ಲಿ ಒಬ್ಬಳೇ ಒಂದು ಕೋಣೆಯಲ್ಲಿದ್ದು ನಿದ್ದೆಗೆಟ್ಟು ಕಂಗಾಲಾಗಿದ್ದಾಗ ಅಲ್ಲಿನ ಥೆರಪಿಸ್ಟ್ ಕೊಟ್ಟ ಪತ್ರ. ಈ ನಾಯಿ ಈಕೆಯ ಮಾನಸಿಕ ಆಸರೆಯ ಪ್ರಾಣಿ, ಅಂದರೆ ಎಮೋಷನಲ್ ಸಪೋರ್ಟ್ ಅನಿಮಲ್, ಎಂದು ಅದರಲ್ಲಿದೆ. 'ನಾಯಿ ಸಾಕುವವರಿಗೆ ಮನೆ ಕೊಡುವುದಿಲ್ಲ' ಎನ್ನುವ ಮಾಲೀಕನೂ ಅಂಥ ಪತ್ರ ತೋರಿಸಿದರೆ ಅಲ್ಲಿನ ವಸತಿ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಪ್ಪಲೇಬೇಕು, ನಾಯಿಗೆಂದು ಹೆಚ್ಚಿನ ಹಣ ಕೇಳುವಂತಿಲ್ಲ. ಅವಳಿಗೆ ಬಾಡಿಗೆ ಮನೆ ಸಿಕ್ಕಿದ್ದು ಹಾಗೆ. ನಾಯಿ ಬಂದ ಮೇಲೆ ಹುಡುಗಿ ನಿದ್ದೆ ಮಾಡಿದಳು, ಊಟ ಮಾಡಿದಳು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಇಲ್ಲಿ ಆ ಪತ್ರ ಹಿಡಿದು ಒಂದು ದರ್ಶಿನಿಗೆ ಹೋದೆವು. ಹೆಸರು ಬರೆಯುವುದಿಲ್ಲ, ಅವರ ತಪ್ಪೂ ಇಲ್ಲ. ನಿಂತು ತಿನ್ನುವ ಜಾಗ, ಬೆಳಗಿನ ಹೊತ್ತು, ಇಡ್ಲಿ ತಟ್ಟೆ ಹಿಡಿದವರ ಮೊಣಕೈಗಳ ನಡುವೆ ಬೆಣ್ಣೆಯ ಮೂತಿ. ಗಲ್ಲಾದ ಮೇಲೆ ಕೂತವರು ಕೂಗಾಡಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ ಇಂಗ್ಲಿಷ್ ಪತ್ರವನ್ನು ಪೂರ್ತಿ ಓದಿದರು. ಫೋನು ವಾಪಸು ಕೊಡುತ್ತಾ, 'ಎಲ್ಲಾ ಸರಿ ಕಣಮ್ಮ, ಈ ನಾಯಿ ಏನು ಕೆಲಸ ಮಾಡುತ್ತೆ?' ಅಂತ ಕೇಳಿದರು. ಇವಳು, 'ಏನೂ ಮಾಡಲ್ಲ ಅಂಕಲ್, ನನ್ನ ಜೊತೆ ಇರುತ್ತೆ' ಅಂದಳು. 'ಹಾಗಾದ್ರೆ ಹೊರಗೆ ಆ ಮರದ ಹತ್ರ ಇರಲಿ, ಕಾಫಿ ಅಲ್ಲಿಗೇ ಕಳಿಸ್ತೀನಿ' ಅಂದರು. ಕಳಿಸಿದರು ಕೂಡ. ನಾಯಿಗೆ ಪೇಪರ್ ಲೋಟದಲ್ಲಿ ನೀರು ಬಂತು.

ದಾರಿಯುದ್ದಕ್ಕೂ ಇವಳ ಮುಖ ಬಾಡಿತ್ತು. ನನಗೋ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಅಮೆರಿಕದ ಅಂಗವಿಕಲರ ಕಾನೂನು ಹೋಟೆಲಿನವರಿಗೆ, ಅಂಗಡಿಯವರಿಗೆ ಎರಡೇ ಪ್ರಶ್ನೆ ಕೇಳಲು ಬಿಡುತ್ತದೆಯಂತೆ: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಅದಕ್ಕೆ ಯಾವ ಕೆಲಸ ಕಲಿಸಿದೆ? ನಮ್ಮ ಗಲ್ಲಾಪೆಟ್ಟಿಗೆಯವರು ಯಾವ ಕಾನೂನೂ ಓದದೆ ಎರಡನೆಯದನ್ನು ನೇರವಾಗಿ ಕೇಳಿಬಿಟ್ಟರು. ಕಾಣದವರನ್ನು ದಾರಿ ದಾಟಿಸುವುದು, ಕೇಳಿಸದವರಿಗೆ ಬಾಗಿಲ ಗಂಟೆಯ ಸುಳಿವು ಕೊಡುವುದು, ಬಿದ್ದ ಕೀಲಿಕೈ ಎತ್ತಿಕೊಡುವುದು, ಇಂಥ ಒಂದಾದರೂ ಕೆಲಸ ಕಲಿತ ನಾಯಿ ಅಲ್ಲಿ ಸೇವಾ ನಾಯಿ. ಅದಕ್ಕೆ ಹೋಟೆಲು, ಆಸ್ಪತ್ರೆ, ಅಂಗಡಿ ಎಲ್ಲಾ ಕಡೆ ಪ್ರವೇಶ ಇದೆ. ಬರೀ ಜೊತೆಗಿದ್ದು ಸಮಾಧಾನ ಕೊಡುವ ನಾಯಿಗೆ ಬಾಡಿಗೆ ಮನೆಯಲ್ಲಿ ಜಾಗ ಉಂಟು, ಹೋಟೆಲಿನಲ್ಲಿ ಇಲ್ಲ. ವಿಮಾನದಲ್ಲಿ ಮಾತ್ರ ಬಹಳ ಕಾಲ ಎರಡಕ್ಕೂ ಸಲುಗೆ ಇತ್ತು. ಜನ ಆ ಸಲುಗೆಯನ್ನು ಎಷ್ಟು ಎಳೆದರೆಂದರೆ, 2018ರ ಜನವರಿಯಲ್ಲಿ ಇದೇ ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬಾಕೆ ಆಸರೆಯ ಪ್ರಾಣಿ ಅಂತ ನವಿಲನ್ನೇ ತಂದಿದ್ದಳು. ಬಾಲ ಎಲ್ಲಿ ಮಡಚಿಡುತ್ತಾರೆ? ಹತ್ತಿಸಿಕೊಳ್ಳಲಿಲ್ಲ. 2021ರ ಜನವರಿಯಿಂದ ಅಲ್ಲಿನ ನಿಯಮ ಬದಲಾಯಿತು. ಈಗ ಕೆಲಸ ಕಲಿತ ನಾಯಿಗಷ್ಟೇ ಆ ಹಕ್ಕು, ಉಳಿದವು ದುಡ್ಡು ಕೊಟ್ಟು ಬರುವ ಸಾಕುಪ್ರಾಣಿಗಳು.

'ಮನಸ್ಸಿನ ನೋವು ಕಣ್ಣಿಗೆ ಕಾಣಲ್ಲ ಅತ್ತೆ, ಅದಕ್ಕೇ ಎಲ್ಲರಿಗೂ ಸದರ' ಅಂತ ಇವಳ ವಾದ. ಮಾತಿನಲ್ಲಿ ಹುರುಳಿದೆ. ಆದರೆ ಗೆರೆ ಇರುವುದು ದೇಹಕ್ಕೂ ಮನಸ್ಸಿಗೂ ನಡುವೆ ಅಲ್ಲ. ಯುದ್ಧದಿಂದ ಬಂದ ಸೈನಿಕ ದುಃಸ್ವಪ್ನದಲ್ಲಿ ಕಿರುಚಿದಾಗ ಎಬ್ಬಿಸಲು ಕಲಿತ ನಾಯಿಯೂ ಅಲ್ಲಿ ಸೇವಾ ನಾಯಿಯೇ. ಗೆರೆ ಇರುವುದು ಕಲಿಕೆಯಲ್ಲಿ. ಬೆಣ್ಣೆ ಕಲಿತಿರುವುದು ಚಪ್ಪಲಿ ಕದಿಯುವುದನ್ನು ಮಾತ್ರ.

ನಮ್ಮಲ್ಲಿ ಏನಿದೆ ಅಂತ ಭಾವ ಕೇಳುತ್ತಾರೆ, ಗೊತ್ತು. ಹೆಚ್ಚೇನೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಮಾನಸಿಕ ಕಾಯಿಲೆಯೂ ಅದರಲ್ಲಿದೆ. ಸೂಕ್ತ ಅನುಕೂಲ ಮಾಡಿಕೊಡದಿದ್ದರೆ ಅದೂ ತಾರತಮ್ಯ ಎನ್ನುತ್ತದೆ. ಆದರೆ ಮಾರ್ಗದರ್ಶಿ ನಾಯಿ ಎಂಬ ಮಾತು ಆ ಕಾಯ್ದೆಯಲ್ಲಿಲ್ಲ. ಆ ಹಕ್ಕನ್ನು ವಕೀಲರು ವಾದಿಸಿ ಪಡೆಯಬೇಕು, ಹೋಟೆಲಿನ ಬಾಗಿಲಲ್ಲಿ ನಿಂತವರು ಬೆರಳಿಟ್ಟು ತೋರಿಸಲು ಆಗದು. ನಮ್ಮ ಮೆಟ್ರೋದಲ್ಲಿ ಸಾಕುಪ್ರಾಣಿಗೆ ಅವಕಾಶವಿಲ್ಲ, ಹಾಗಾಗಿ ಕೆಂಗೇರಿಯ ನೆಂಟರ ಮನೆಗೆ ಬೆಣ್ಣೆ ಆಟೋದಲ್ಲೇ ಹೋಯಿತು. ಮೀಟರ್ ಮೇಲೆ ಎಷ್ಟು ಅಂತ ಕೇಳಬೇಡಿ. ಕೆಎಸ್‌ಆರ್‌ಟಿಸಿಯವರು ಮಾತ್ರ ಉದಾರಿಗಳು. ಮೊದಲು ನಾಯಿಗೆ ಪೂರ್ತಿ ಟಿಕೆಟ್ ಇತ್ತು, 2022ರ ಕೊನೆಯಲ್ಲಿ ಅರ್ಧಕ್ಕೆ ಇಳಿಸಿದರು. ಸಾದಾ ಬಸ್ಸು, ಎಕ್ಸ್‌ಪ್ರೆಸ್ಸುಗಳಲ್ಲಿ ಸರಿ, ಐರಾವತದಲ್ಲಿ ಇಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದ ಮುಂದೆ ಹಾದಾಗ ನೆನಪಾಯಿತು: 2024ರ ಮಾರ್ಚಿನಲ್ಲಿ ಯಾರೋ ಅಜ್ಜಿ ಮೊಮ್ಮಗಳು ಮೈಸೂರಿಗೆ ಹೊರಟು, 'ಶಕ್ತಿ' ಯೋಜನೆಯಲ್ಲಿ ತಾವು ಪುಕ್ಕಟೆ ಕೂತರು, ಪಂಜರದ ನಾಲ್ಕು ಗಿಳಿಗಳಿಗೆ ಕಂಡಕ್ಟರ್ 444 ರೂಪಾಯಿ ಟಿಕೆಟ್ ಹರಿದ. ತಲಾ 111! ಆ ಟಿಕೆಟ್ಟಿನ ಫೋಟೋ ನೀನೇ ನನಗೆ ಕಳಿಸಿದ್ದೆ ಅಕ್ಕ.

ತಮ್ಮನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನೊಳಗೆ ನಾಯಿ ತರಬಾರದು ಅಂತ ಚೀಟಿ ಅಂಟಿಸಿದ್ದರು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ತೋರಿಸಿದ ಮೇಲೆ ತೆಗೆದರು. ಸಂಘದ ಬಹುಮತ ಇದ್ದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎನ್ನುತ್ತದೆ ಅದು. ಹಾಗಾಗಿ ಬೆಣ್ಣೆಗೆ ಆ ಅಮೆರಿಕದ ಪತ್ರದ ಅಗತ್ಯವೇ ಇಲ್ಲ. ಮನೆಯ ಮಟ್ಟಿಗೆ ನಮ್ಮ ನೆಲದ ನಿಯಮವೇ ಸಾಕು.

ಈಗ ನಾನು ಬರೆಯಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದಳಲ್ಲ, ಕಣ್ಣು ಕಾಣದ ಗೆಳತಿ, ಹಿಸ್ಟರಿ ಎಂ.ಎ. ಮಾಡಿದವಳು? ಈಗ ವಿಜಯನಗರದಲ್ಲಿದ್ದಾಳೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳನ್ನು ಮೆಟ್ರೋ ನಿಲ್ದಾಣದಿಂದ ಮನೆತನಕ ನಡೆಸಿಕೊಂಡು ಹೋದೆ. ನಡೆಸಿಕೊಂಡು ಹೋದವಳು ಅವಳೇ ಅನ್ನಬೇಕು. ನಿಲ್ದಾಣದೊಳಗೆ ಹಳದಿ ಉಬ್ಬುಗೆರೆಯ ಹಾಸು ಇದೆ, ಅದರ ಮೇಲೆ ಬಿಳಿಕೋಲು ಆಡಿಸುತ್ತಾ ನನಗಿಂತ ಜೋರಾಗಿ ನಡೆದಳು. ಮೆಟ್ಟಿಲಿಳಿದು ಹೊರಗೆ ಬಂದದ್ದೇ ಹೆಜ್ಜೆ ಸಣ್ಣದಾಯಿತು. ಮೊದಲು ಹೂವಿನವಳ ಬುಟ್ಟಿ, ಆಮೇಲೆ ಅಡ್ಡ ನಿಲ್ಲಿಸಿದ ಸ್ಕೂಟರುಗಳು, ಮೊಣಕಾಲೆತ್ತರದ ಟ್ರಾನ್ಸ್‌ಫಾರ್ಮರ್ ಕಟ್ಟೆ, ಕಲ್ಲುಚಪ್ಪಡಿ ಎದ್ದು ಬಾಯಿಬಿಟ್ಟ ಚರಂಡಿ. ಮೂಲೆಯಲ್ಲಿ ಮಲಗಿದ್ದ ನಾಲ್ಕೈದು ಬೀದಿನಾಯಿಗಳಲ್ಲಿ ಒಂದು ಕೋಲು ನೆಲಕ್ಕೆ ಬಡಿಯುವ ಸದ್ದಿಗೆ ಎದ್ದು ಗುರ್ ಎಂದಿತು. ಇವಳು ನಿಂತಳು, ಕೋಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು, ನನ್ನ ತೋಳು ಹಿಡಿದಳು. 'ಹೊಡೆಯೋಕೆ ಬಂದೆ ಅನ್ಕೊಳ್ಳುತ್ತೆ ಕಣೇ. ನಾಯಿ ಮುಂದೆ ಹೋಗುವಾಗ ನನ್ನ ಕಣ್ಣನ್ನ ಮಡಚಿಡಬೇಕು' ಅಂದಳು.

ನಿಂಗೂ ಒಂದು ಮಾರ್ಗದರ್ಶಿ ನಾಯಿ ಇದ್ದಿದ್ದರೆ ಅಂದೆ. ನಕ್ಕಳು. ನನಗೆ ಹಾಗೆ ಅನ್ನಿಸಿದ್ದು ತಮ್ಮನ ಮಗಳು ಹೇಳಿದ್ದ ಮಾರಿಸ್‌ಟೌನಿನ ಕತೆಯಿಂದ. ನ್ಯೂಜೆರ್ಸಿಯ ಆ ಊರಿನಲ್ಲಿ 'ಸೀಯಿಂಗ್ ಐ' ಎಂಬ ಸಂಸ್ಥೆ ಇದೆ, ಶುರುವಾದದ್ದು 1929ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ಇಂಥ ಮೊದಲ ಶಾಲೆ ತೆರೆದಿದ್ದರು. ಮಾರಿಸ್‌ಟೌನಿನ ಬೀದಿಗಳಲ್ಲಿ ಪಟ್ಟಿ ಕಟ್ಟಿಕೊಂಡ ನಾಯಿಗಳು ತರಬೇತಿದಾರರ ಜೊತೆ ನಡೆಯುವುದನ್ನು ತಮ್ಮನ ಮಗಳು ಎಷ್ಟೋ ಸಲ ನೋಡಿದ್ದಾಳೆ. ಮರಿಯನ್ನು ಮೊದಲು ಒಂದು ಸಂಸಾರದವರು ವರ್ಷಕ್ಕೂ ಮೇಲೆ ಸಾಕುತ್ತಾರೆ, ಬಸ್ಸು ಮಾರುಕಟ್ಟೆ ಎಲ್ಲಾ ತೋರಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಶಾಲೆ. ಅಲ್ಲಿ ಕಲಿಸುವ ದೊಡ್ಡ ಪಾಠ ಮಾತು ಮೀರುವುದು. ಒಡೆಯ 'ಮುಂದೆ' ಅಂದರೂ ಕಾರು ಬರುತ್ತಿದ್ದರೆ ನಾಯಿ ಕಾಲು ಕೀಳಬಾರದು. ನಾಯಿಗೆ ದಾರಿ ಗೊತ್ತಿರುತ್ತದೆ ಅಂತ ನಾನು ತಿಳಿದಿದ್ದೆ, ಹಾಗಲ್ಲವಂತೆ. ದಾರಿ ಮನುಷ್ಯನ ತಲೆಯಲ್ಲಿರಬೇಕು, ಅಡ್ಡಿಗಳನ್ನು ತಪ್ಪಿಸುವುದು ನಾಯಿಯ ಪಾಲು.

'ಈ ರಸ್ತೆಯಲ್ಲಿ ಆ ಪಾಪದ ನಾಯಿ ಹೆಜ್ಜೆಗೊಂದು ಸಲ ನನ್ನ ಮಾತು ಮೀರಬೇಕು' ಅಂದಳು ಗೆಳತಿ. 'ಅಷ್ಟರಲ್ಲಿ ಬೀದಿಯ ನಾಯಿಗಳು ಅದನ್ನ ಹರಿದು ತಿಂದಿರುತ್ತವೆ.' ಉತ್ಪ್ರೇಕ್ಷೆ ಅಲ್ಲ. ಪಾಲಿಕೆಯ 2023ರ ಎಣಿಕೆಯಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. 2025ರ ಜುಲೈಯಲ್ಲಿ 5,000 ನಾಯಿಗಳಿಗೆ ದಿನಾ ಕೋಳಿ ಅನ್ನ ಹಾಕಲು 2.88 ಕೋಟಿ ರೂಪಾಯಿಯ ಯೋಜನೆ ಹೊರಟು ಊರೆಲ್ಲಾ ನಕ್ಕಿತ್ತು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಅವುಗಳನ್ನು ತೆಗೆದು ಆಶ್ರಯ ತಾಣಕ್ಕೆ ಸಾಗಿಸಿ ಎಂದು ಆದೇಶಿಸಿದೆ. ಅಷ್ಟು ತಾಣ ಎಲ್ಲಿವೆ ಅಂತ ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಬೀದಿನಾಯಿಗೆ ಅನ್ನ ಹಾಕುವವರು ಕೆಟ್ಟವರಲ್ಲ, ದೂರುವವರೂ ಕೆಟ್ಟವರಲ್ಲ. ಈ ಜಗಳದಲ್ಲಿ ಬಿಳಿಕೋಲಿನವರನ್ನು ಯಾರೂ ಕೇಳಲಿಲ್ಲ ಎನ್ನುವುದು ಗೆಳತಿಯ ದೂರು.

ಮನೆ ತಲುಪಿ ಚಹಾ ಕುಡಿಯುವಾಗ ಅವಳು ಆತಕೂರಿನ ಕಾಳಿಯ ಕತೆ ತೆಗೆದಳು. ಹತ್ತನೆಯ ಶತಮಾನದ ವೀರ ಮಣಲೇರ, ಯುದ್ಧದಲ್ಲಿ ಗೆದ್ದ ಮೇಲೆ ಏನು ಬೇಕು ಕೇಳು ಅಂತ ರಾಜ ಅಂದಾಗ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಜೊತೆ ಕಾದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆ ಕಲ್ಲು ಇದೆ. 'ಈಗ ಕಾಳಿ ಬಂದರೆ ಮ್ಯೂಸಿಯಂ ಬಾಗಿಲಲ್ಲೇ ನಿಲ್ಲಿಸ್ತಾರೋ ಏನೋ' ಅಂತ ಸೇರಿಸಿದಳು. 777 ಚಾರ್ಲಿ ನೋಡಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಕಣ್ಣೀರು ಹಾಕಿದ್ದು, ಸರ್ಕಾರ ಆ ಸಿನಿಮಾಕ್ಕೆ ತೆರಿಗೆ ಬಿಟ್ಟದ್ದು ನನಗೆ ನೆನಪಾಯಿತು. ನಾಯಿಯ ಮೇಲಿನ ಪ್ರೀತಿಗೆ ಈ ರಾಜ್ಯದಲ್ಲಿ ಬರ ಇಲ್ಲ ಅಕ್ಕ. ಬರ ಇರುವುದು ಕೆಲಸದ ನಾಯಿಗಾಗಿ ಬರೆದ ಒಂದು ಸಾಲಿನ ನಿಯಮಕ್ಕೆ.

ಮರುದಿನ ಬೆಣ್ಣೆಯನ್ನು ಗೆಳತಿಯ ಹತ್ತಿರ ಕರೆದುಕೊಂಡು ಹೋದೆವು. ಮೊದಲು ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕಿವಿ, ನೆತ್ತಿ, ಬೆನ್ನು ಅಂತ ನಿಧಾನವಾಗಿ ಸವರಿ, 'ಚೆನ್ನಾಗಿದೆ, ಆದರೆ ಇದಕ್ಕೆ ಕೋಟು ಹಾಕಿಸಿ ಸೇವಾ ನಾಯಿ ಅಂತ ಬರೆಸಬೇಡ ಮಗಳೇ' ಅಂದಳು. ಅಂಥ ಕೋಟುಗಳು ಆನ್‌ಲೈನಿನಲ್ಲಿ ಸಿಗುತ್ತವಂತೆ, ಅಮೆರಿಕದಲ್ಲಿ ಅದೇ ದೊಡ್ಡ ತಲೆನೋವು. ಹತ್ತು ಸುಳ್ಳು ಕೋಟಿನ ನಾಯಿಗಳು ಹೋಟೆಲಿನಲ್ಲಿ ಬೊಗಳಿದರೆ ಹನ್ನೊಂದನೆಯದಾಗಿ ಬರುವ ನಿಜವಾದ ನಾಯಿಯನ್ನೂ, ಅದರ ಹಿಂದೆ ಬರುವ ಕುರುಡರನ್ನೂ ಬಾಗಿಲಲ್ಲೇ ತಡೆಯುತ್ತಾರೆ. ತಮ್ಮನ ಮಗಳು ಏನೂ ಹೇಳಲಿಲ್ಲ. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಅವಳಿಗೆ ಬೆಣ್ಣೆ ಬೇಕು, ಇರಲಿ. ಮನೆಯಲ್ಲಿ ಇರಲಿ, ಪಾರ್ಕಿಗೆ ಹೋಗಲಿ, ಬಸ್ಸಿನಲ್ಲಿ ಅರ್ಧ ಟಿಕೆಟ್ ತೆಗೆಯಲಿ. ಅಡುಗೆಮನೆ ಪಕ್ಕದ ಊಟದ ಮೇಜಿನವರೆಗೆ ಬರುವ ಹಕ್ಕು ಮಾತ್ರ ಕೆಲಸ ಕಲಿತ ನಾಯಿಯದು ಎನ್ನುವುದು ನನ್ನ ತೀರ್ಮಾನ.

ಭಾವ, ನಿಮ್ಮ ಹೊಸ ಹೋಟೆಲಿಗೆ 'ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ' ಅಂತ ಬೋರ್ಡು ಬರೆಸುತ್ತೀರಂತೆ, ಅಕ್ಕ ಹೇಳಿದಳು. ಬರೆಸಿ. ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ, 'ಅಂಧರ ಮಾರ್ಗದರ್ಶಿ ನಾಯಿಗೆ, ತರಬೇತಿ ಪಡೆದ ಸೇವಾ ನಾಯಿಗೆ ಪ್ರವೇಶ ಉಂಟು' ಅಂತ ಇನ್ನೊಂದು ಸಾಲು ಸೇರಿಸಿ. ಸಾಗರಕ್ಕೆ ಅಂಥ ನಾಯಿ ಯಾವಾಗ ಬರುತ್ತದೆ ಅಂತ ನಗಬೇಡಿ. ಜೋಗ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಗಲ್ಲಾದಲ್ಲಿ ಕೂರುವ ಹುಡುಗನಿಗೆ ಆ ಎರಡು ಪ್ರಶ್ನೆ ಹೇಳಿಕೊಡಿ, ಸರ್ಟಿಫಿಕೇಟ್ ಕೇಳಬೇಡ ಅಂತಲೂ ಹೇಳಿ. ಮುಂಬಾಗಿಲ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿದರೆ ಇನ್ನೂ ಒಳ್ಳೆಯದು. ಪೇಂಟರ್ ಮುಂದಿನ ವಾರ ಬರುತ್ತಾನಂತಲ್ಲ, ಅಷ್ಟರೊಳಗೆ ಮುಟ್ಟಲಿ ಅಂತ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ಇಂತಿ ನಿಮ್ಮ ತಂಗಿ